ನಾಡಿ ಎಪ್ಪತ್ತೆರಡು

ಅಕ್ಟೋಬರ್ 7

ಸುಳ್ಳು: ಇಲ್ಲ.

ಹಳೆಯ ಪುಸ್ತಕ ತುಂಬಿತು, ಇದು ಹೊಸದು. ಪದ್ಧತಿ ಮಾತ್ರ ಹಳೆಯದೇ: ತಾರೀಖಿನ ಕೆಳಗೆ ಮೊದಲ ಸಾಲಲ್ಲಿ ಆ ದಿನ ನಾನು ಹೇಳಿದ ಸುಳ್ಳುಗಳ ಸಂಖ್ಯೆ. ಹಳೆಯದರಲ್ಲಿ ಮೂರು ವರ್ಷಕ್ಕೆ ಒಟ್ಟು ಎರಡು. ಎರಡೂ ಹಾಸ್ಟೆಲ್ ವಾರ್ಡನ್‌ಗೆ ಹೇಳಿದ್ದು, ಎರಡೂ ಮಂಚದ ಕೆಳಗೆ ಬಚ್ಚಿಟ್ಟ ಕರೆಂಟ್ ಒಲೆಯ ವಿಷಯ. ಶನಿವಾರ, ಭಾನುವಾರ ಬಿಷ್ಕೆಕ್‌ನ ಸಂತೆಯಲ್ಲಿ ನಿಂತು, ನಮ್ಮ ಬಾತ್ಕೆನ್ ಕಡೆಯ ಒಣ ಜರ್ದಾಳು ಹಣ್ಣು ಮಾರಿ, ಮಾತಿನಲ್ಲೇ ಹೊಟ್ಟೆ ಹೊರೆಯುವ ಹುಡುಗಿಗೆ ಇದು ಕಡಿಮೆಯೇ ಅಂತ ನನ್ನ ಲೆಕ್ಕ.

ಇವತ್ತು ತತ್ವಶಾಸ್ತ್ರದ ತರಗತಿಗೆ ಅಜ್ಜಿಯ ಕಾಲದ ಕಬ್ಬಿಣದ ತೂಕದ ಕಲ್ಲು ಒಯ್ದಿದ್ದೆ. ಹೋದ ವಾರ ಎಲ್ಲರೂ ಸೇರಿ ಅವರವರ ಸತ್ಯ ಅವರವರಿಗೆ ಅಂತ ತೀರ್ಮಾನ ಮಾಡಿ ಎದ್ದು ಹೋಗಿದ್ದರು, ಒಂದು ವಾರ ನನಗೆ ಊಟ ಸೇರಿರಲಿಲ್ಲ. ಕಲ್ಲನ್ನು ಮೇಜಿನ ಮೇಲಿಟ್ಟು, "ಇದು ಒಂದು ಕಿಲೋ. ನೀವು ನಂಬಿದ್ರೂ ಒಂದು ಕಿಲೋ, ನಂಬದಿದ್ರೂ ಒಂದು ಕಿಲೋ" ಅಂದೆ.

ಹಿಂದಿನ ಬೆಂಚಿನಿಂದ ಎಲ್ದೋಸ್, "ಬರೀ ಕಲ್ಲು ತಂದಿದೀಯಲ್ಲ ಬುರುಲ್, ಜರ್ದಾಳು ಎಲ್ಲಿ?" ಅಂದ. ನಗು. ಅವನಿಗೆ ಅಷ್ಟೇ ಸಾಕು.

ಸಾಯ್ಕಲ್ ಮಾತ್ರ ನಗಲಿಲ್ಲ. ಅವಳು ನನ್ನ ಕೋಣೆಯವಳು, ಅಟ್‌ಬಾಶಿಯ ಹುಡುಗಿ. ಕೋಣೆಯಲ್ಲಿ ಒಂದೇ ಹಾಸಿಗೆಯ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣುತ್ತೇವೆ, ತರಗತಿಯಲ್ಲಿ ನನ್ನ ಕತ್ತು ಕೊಯ್ಯುವವಳೂ ಅವಳೇ. "ಅದಕ್ಕೆ ಕಿಲೋ ಅಂತ ಹೆಸರಿಟ್ಟೋರು ಯಾರೇ? ನಾಲ್ಕು ಜನ ಕೂತು ಒಪ್ಕೊಂಡ್ರು, ನಿಮ್ಮಜ್ಜಿ ಹೂಂ ಅಂದ್ರು. ಅದನ್ನೇ ಚಂದ್ರನ ಮೇಲಿಟ್ಟು ತೂಗು, ನೋಡೋಣ."

"ಚಂದ್ರನ ಮೇಲೆ ನನಗೆ ಗಿರಾಕಿಗಳಿಲ್ಲ," ಅಂದೆ. ಈ ಸಲ ನಗು ನನ್ನ ಪಾಲಿಗೆ ಬಂತು, ಆದರೆ ವಾದ ಅವಳ ಪಾಲಿಗೆ ಹೋಯಿತು. ಕೋಣೆಗೆ ಬಂದಮೇಲೆ ಉತ್ತರ ಹೊಳೆಯಿತು. ತಕ್ಕಡಿಯನ್ನೂ ಚಂದ್ರನಿಗೆ ಒಯ್ದರೆ ಆಚೆ ತಟ್ಟೆಗೆ ಅಷ್ಟೇ ಜರ್ದಾಳು ಬೇಕು! ಸಾಯ್ಕಲ್‌ಗೆ ಹೇಳಿದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಗಂಟೆ ಹೊಡೆದಾಯ್ತು, ಈಗ ಹೇಳಿದ್ದು ಲೆಕ್ಕಕ್ಕಿಲ್ಲ" ಅಂದಳು.

ಅಕ್ಟೋಬರ್ 12

ಸುಳ್ಳು: ಇಲ್ಲ.

ಭಾನುವಾರ. ಸಾಯ್ಕಲ್‌ಳ ಅಪ್ಪ ಶಾರ್ಶೆನ್ ಬಾಯ್ಕೆಯ ಫೋನ್. ಅವರು ಊರಿನ ಕುದುರೆ, ಕುರಿಗಳ ಡಾಕ್ಟರು. ಮಗಳ ಜೊತೆ ಐದು ನಿಮಿಷ, ಆಮೇಲೆ ತಪ್ಪದೆ ನನಗೆ ಎರಡು. "ಬುರುಲ್ ಮಗಳೇ, ತೂಕ ಸರಿಯಾಗಿ ಹಾಕ್ತಿದೀಯಾ?" "ಹಾಕ್ತಿದೀನಿ ಬಾಯ್ಕೆ." "ಗಿರಾಕಿ ಕಡೆಗೆ ಸ್ವಲ್ಪ ವಾಲಲಿ." "ಸರಿಯಾಗಿ ಅಂದ್ರೆ ಯಾರ ಕಡೆಗೂ ವಾಲಬಾರದು ಬಾಯ್ಕೆ." ಅವರು ನಕ್ಕರೆ ಫೋನ್ ಗರಗರ ಅನ್ನುತ್ತದೆ. ಬಾಯ್ಕೆ ಅಂದರೆ ಅಣ್ಣ, ಆದರೆ ಅವರ ದನಿ ಕೇಳಿದರೆ ಅಪ್ಪ ಅನ್ನಬೇಕು ಅನ್ನಿಸುತ್ತದೆ. ಮುಂದಿನ ತಿಂಗಳು ಬೆಣ್ಣೆ ಕಳಿಸುತ್ತಾರಂತೆ.

ಅಕ್ಟೋಬರ್ 23

ಸುಳ್ಳು: ಇಲ್ಲ.

ಇವತ್ತು ಸಾಯ್ಕಲ್‌ಗೆ ಅಮ್ಮನ ಕಥೆ ಹೇಳಿದೆ. ಹೇಳಬಾರದಿತ್ತು.

ನನಗಾಗ ಒಂಬತ್ತು. ಅಮ್ಮ ಮಾಸ್ಕೋದಲ್ಲಿ ಮೆಟ್ಟಿಲು ಗುಡಿಸುವ ಕೆಲಸದಲ್ಲಿದ್ದಳು. ಒಂದು ದಿನ ಶಾಲೆಯಿಂದ ಬಂದರೆ ಮನೆ ತುಂಬ ಜನ. ದೊಡ್ಡಮ್ಮ ಹೇಳಿದಳು: "ನಿಮ್ಮಮ್ಮ ವಿಮಾನದಲ್ಲಿ ಬರ್ತಿದಾಳೆ." ಮೂರು ದಿನ ನಾನು ಹಬ್ಬದ ಅಂಗಿ ಬಿಚ್ಚಲಿಲ್ಲ. ಮನೆಯಲ್ಲಿ ಹನ್ನೊಂದು ಜನರಿದ್ದರು, ಹತ್ತು ಜನಕ್ಕೆ ಗೊತ್ತಿತ್ತು. ನನ್ನ ವಾರಿಗೆಯವಳಾದ ದೊಡ್ಡಮ್ಮನ ಮಗಳಿಗೂ ಗೊತ್ತಿತ್ತು, ಯಾಕೆಂದರೆ ಅವಳು ಆ ಮೂರು ದಿನ ಗೊಂಬೆಯನ್ನು ನನಗೇ ಬಿಟ್ಟುಕೊಟ್ಟಿದ್ದಳು. ಅಮ್ಮ ವಿಮಾನದಲ್ಲೇ ಬಂದಳು, ಪೆಟ್ಟಿಗೆಯೊಳಗೆ. ದೊಡ್ಡಮ್ಮನ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ಅಂಥ ಮಾತನ್ನು ನಾನು ಪೂರ್ತಿ ಸುಳ್ಳು ಅಂತ ಬರೆದುಕೊಳ್ಳುವುದು, ಅರ್ಧ ಅಂತಲ್ಲ.

ನಮ್ಮಲ್ಲಿ ರೂಢಿಯೇ ಹಾಗೆ. ದೂರದಲ್ಲಿರುವವರಿಗೆ ಸಾವಿನ ಸುದ್ದಿ ಫೋನಿನಲ್ಲಿ ಹೇಳುವಂತಿಲ್ಲ, ದಾರಿಯಲ್ಲಿ ಹೇಳುವಂತಿಲ್ಲ. ಹುಷಾರಿಲ್ಲ ಬಾ ಅಂತ ಕರೆಸಿ, ಊರಿಗೆ ಬಂದಮೇಲೆ ಹಿರಿಯರು ಸುತ್ತ ಕೂತು ಹೇಳಬೇಕು. ಗೊತ್ತು. ಆದರೂ.

ಸಾಯ್ಕಲ್ ಎಲ್ಲ ಕೇಳಿ, "ಅವರು ಮಾಡಿದ್ದು ಸರಿ ಅನ್ಸುತ್ತೆ ಕಣೇ" ಅಂದಳು. "ಇನ್ನೂ ಮೂರು ದಿನ ನಿನಗೆ ಅಮ್ಮ ಇದ್ಲಲ್ಲ. ಆ ಮೂರು ದಿನ ನಿನ್ನ ಮಟ್ಟಿಗೆ ಅದೇ ಸತ್ಯ."

"ಅವಳು ಇರಲಿಲ್ಲ ಸಾಯ್ಕಲ್."

"ನಿನಗಿದ್ಲು."

"ಯಾರಿಗೂ ಇರಲಿಲ್ಲ!"

ಆಚೆ ಕೋಣೆಯವರು ಗೋಡೆ ಗುದ್ದಿದರು. ಊಟ ಬೇರೆ ಬೇರೆ ತಟ್ಟೆಯಲ್ಲಿ ಆಯಿತು.

ನವೆಂಬರ್ 5

ಸುಳ್ಳು: ಇಲ್ಲ.

ತತ್ವಶಾಸ್ತ್ರದ ಮೇಡಂ ಗಾಲಿನಾ ಪೆಟ್ರೋವ್ನಾ ಚರ್ಚೆಗೆ ದಿನ ಇಟ್ಟರು: ನವೆಂಬರ್ 28. ವಿಷಯ: "ಸತ್ಯ ಒಂದೇ, ಎಲ್ಲರಿಗೂ ಅದೇ." ಪರವಾಗಿ ನಾನು. ವಿರುದ್ಧ ಸಾಯ್ಕಲ್, ಅವಳ ಹಿಂದೆ ಉಳಿದ ಹದಿನಾಲ್ಕು ಜನ. "ಪಾಪ, ಬುರುಲ್‌ಗೆ ಒಬ್ಬರನ್ನಾದರೂ ಸಾಲ ಕೊಡಿ" ಅಂದ ಎಲ್ದೋಸ್. ಬೇಡ ಅಂದೆ. ತಕ್ಕಡಿ ಹಿಡಿಯುವ ಕೈ ಎಷ್ಟು ಹೆಚ್ಚಾದರೂ ತೂಕ ಹೆಚ್ಚಾಗುವುದಿಲ್ಲ ಅಂತಲೂ ಅಂದೆ. ಗುರುತು ಹಾಕಿಕೊಂಡಿದ್ದೇನೆ, 28ಕ್ಕೂ ಇದೇ ಮಾತು.

ಸಾಯ್ಕಲ್ ಜೊತೆ ರಾಜಿ ಆಗಿದೆ. ಬೆಣ್ಣೆ ಬಂತು, ಎರಡು ಕಿಲೋ ಅಂದಿದ್ದರು. ತೂಗಿದೆ. ಎರಡು ಕಿಲೋ ನೂರ ಐವತ್ತು ಗ್ರಾಂ. ಶಾರ್ಶೆನ್ ಬಾಯ್ಕೆ ವಾಲಿಸಿದ್ದಾರೆ.

ನವೆಂಬರ್ 17, ಬೆಳಗ್ಗೆ

ಅಡುಗೆ ಕೋಣೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಎಂಟೂ ಇಪ್ಪತ್ತು. ಸಾಯ್ಕಲ್ ಸ್ನಾನಕ್ಕೆ ಹೋಗಿದ್ದಾಳೆ.

ಫೋನ್ ಬಂದದ್ದು ನನಗೆ. ಮೇದೆರ್ ಬಾಯ್ಕೆ, ಸಾಯ್ಕಲ್‌ಳ ಚಿಕ್ಕಪ್ಪ.

"ಬುರುಲ್ ನೀನೇನಾ? ಪಕ್ಕದಲ್ಲಿ ಯಾರೂ ಇಲ್ಲ ತಾನೇ?"

"ಇಲ್ಲ."

"ಅಣ್ಣ ಹೋಗ್ಬಿಟ್ಟ ಮಗಳೇ. ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ. ಎದೆ ಹಿಡ್ಕೊಂಡ, ಅಷ್ಟೇ." ಆಮೇಲೆ ಒಂದೇ ಉಸಿರಿಗೆ, "ನಮ್ಮ ಕುಬಾನ್ ಅಲ್ಲೇ ಟ್ಯಾಕ್ಸಿ ಓಡಿಸ್ತಾನೆ, ಹತ್ತಕ್ಕೆ ಬರ್ತಾನೆ. ಬೀಪಿ ಜಾಸ್ತಿ ಆಗಿದೆ, ನೋಡಬೇಕು ಅಂತಿದಾರೆ ಅನ್ನು. ಅವಳ ಫೋನ್ ನಿನ್ನ ಹತ್ರ ಇಟ್ಕೊ, ಬಂಧುಗಳೆಲ್ಲ ಆಗಲೇ ಬರೆಯೋಕೆ ಶುರು ಮಾಡಿದಾರೆ. ನೀನೂ ಜೊತೇಲಿ ಬಾ. ಅಣ್ಣನ್ನ ಇಡೋಕೆ ಅಂಗಳದಲ್ಲಿ ಯುರ್ತ್ ಗುಡಾರ ಏರಿಸಿದೀವಿ, ದೂರದಿಂದಲೇ ಕಾಣ್ಸುತ್ತೆ. ಅದು ಅವಳ ಕಣ್ಣಿಗೆ ಬೀಳೋ ಮೊದಲು ನಮ್ಮನೆಗೇ ಕರ್ಕೊಂಡು ಬನ್ನಿ, ಹಿರಿಯರು ಇರ್ತಾರೆ."

"ಬಾಯ್ಕೆ, ನನಗೆ ಸುಳ್ಳು ಹೇಳೋಕೆ ಬರಲ್ಲ."

"ಯಾರಿಗೆ ಬರುತ್ತಮ್ಮಾ?" ಅಂದರು.

ನೀರಿನ ಸದ್ದು ನಿಂತಿತು. ಬರುತ್ತಿದ್ದಾಳೆ.

ನವೆಂಬರ್ 17, ಸಂಜೆ, ಅಟ್‌ಬಾಶಿ

ಸುಳ್ಳು: ಮೂರು.

ಒಂದೊಂದಾಗಿ ಬರೆಯುತ್ತೇನೆ.

ಮೊದಲನೆಯದು. "ಚಿಕ್ಕಪ್ಪ ಫೋನ್ ಮಾಡಿದ್ರು. ನಿಮ್ಮಪ್ಪಂಗೆ ಬೀಪಿ ಜಾಸ್ತಿ ಅಂದ್ರು." ಅವರು ಅಂದದ್ದನ್ನೇ ಅಂದೆ, ಒಂದಕ್ಷರ ತಪ್ಪಿಲ್ಲ. ದೊಡ್ಡಮ್ಮನೂ ಹಾಗೇ ಅಂದಿದ್ದಳು. ಪೂರ್ತಿ ಒಂದು.

ಎರಡನೆಯದು ಫೋನ್. ಅವಳು ತಲೆ ಬಾಚುವಾಗ ಅವಳ ಫೋನ್ ಆಫ್ ಮಾಡಿ ನನ್ನ ಚೀಲದ ತಳಕ್ಕೆ, ಉಣ್ಣೆಯ ಅಂಗಿಯ ಕೆಳಗೆ ತುರುಕಿದೆ. ಕಾರು ಊರು ದಾಟಿದ ಮೇಲೆ ಜೇಬು ತಡವಿಕೊಂಡು, "ಅಯ್ಯೋ, ಕೋಣೇಲೇ ಬಿಟ್ನೇನೋ" ಅಂದಳು. ನಾನು ಕಿಟಕಿಯ ಕಡೆ ನೋಡಿದೆ. ಬಾಯಿ ತೆರೆಯದಿದ್ದರೂ ಸುಳ್ಳು ಸುಳ್ಳೇ.

ಹೊರಡುವ ಮೊದಲು ಹಾಸ್ಟೆಲ್ ಎದುರಿನ ಔಷಧಿ ಅಂಗಡಿಗೆ ನುಗ್ಗಿದ್ದಳು. ಕೈಯಲ್ಲಿದ್ದದ್ದೆಲ್ಲ ಸುರಿದು ಬೀಪಿ ನೋಡುವ ಯಂತ್ರ ತಂದಳು. "ಊರಲ್ಲಿರೋ ಡಾಕ್ಟರು ಕುದುರೇಗೆ ನೋಡ್ತಾರೆ, ತಮಗೆ ನೋಡ್ಕೊಳಲ್ಲ. ಇದನ್ನ ಕೈಗೆ ಕಟ್ಟಿಟ್ಟೇ ಬರ್ತೀನಿ." ಕುಬಾನ್ ಇಗ್ನಿಶನ್ ಕೀಲಿಯನ್ನು ಎರಡು ಸಲ ತಪ್ಪಾಗಿ ತಿರುಗಿಸಿದ.

ಕಾರಿನಲ್ಲಿ ಮೂವರು, ಗೊತ್ತಿದ್ದವರು ಇಬ್ಬರು. ಬೋಮ್ ಕಣಿವೆಯಲ್ಲಿ ಎದುರಿಗೆ ಬಂದ ಲಾರಿಗಳು ನಲವತ್ತೊಂದು. ಎಣಿಸದಿದ್ದರೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಹೇಳಿಬಿಡು ಅಂತ ಒಂದು ಮನಸ್ಸು. ಹೇಳಿ? ಇನ್ನೂ ನಾಲ್ಕು ಗಂಟೆ ದಾರಿ, ಮುಂದೆ ದೊಲೋನ್ ಘಾಟಿ, ಹಿಮ, ಹಿಂದಿನ ಸೀಟಿನಲ್ಲಿ ಅವಳು, ಹಿಡಿದುಕೊಳ್ಳಲು ನಾನೊಬ್ಬಳು. ಮೂರು ವರ್ಷದಿಂದ ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿದೆ ಅಂದುಕೊಂಡೇ ಎಲ್ಲರ ಬಾಯಿ ಮುಚ್ಚಿಸಿದ್ದೆ.

ಕೊಚ್ಕೋರ್‌ನಲ್ಲಿ ಚಹಾಕ್ಕೆ ನಿಂತೆವು. ಕುಬಾನ್ ಒಳಗೆ ಬರಲಿಲ್ಲ, ಚಕ್ರ ನೋಡುತ್ತೇನೆ ಅಂದ. ಅವಳು ಡಬ್ಬಿ ಬಿಚ್ಚಿ, ಚೀಟಿ ಓದಿ, "ಕೈ ಚಾಚೇ, ಮೊದಲು ನಿನ್ನ ಮೇಲೆ ಕಲಿತ್ಕೋತೀನಿ" ಅಂದಳು. ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಅದು ಗುಂಯ್ ಅಂತ ಉಬ್ಬುತ್ತಿರುವಾಗ ಕೇಳಿದಳು, ದನಿಯನ್ನೂ ಬದಲಿಸದೆ:

"ಬುರುಲ್, ನೀನು ಸುಳ್ಳು ಹೇಳಲ್ಲ. ಅಪ್ಪ ಇದ್ದಾರಾ?"

"ಇದ್ದಾರೆ," ಅಂದೆ.

ಅದು ಮೂರನೆಯದು.

ಪಟ್ಟಿ ಬಿಗಿಯಿತು, ಸಡಿಲಾಯಿತು. ನೂರ ಐವತ್ತೊಂದು, ತೊಂಬತ್ತೆಂಟು. ನಾಡಿ ನೂರ ಇಪ್ಪತ್ತನಾಲ್ಕು. ಅವಳು ಅದನ್ನು ನೋಡುತ್ತಾ ಕೂತಳು, ಅಂಕಿಗಳು ಆರುವವರೆಗೆ. ಆಮೇಲೆ, "ನಿನಗೇ ಬೀಪಿ ಇದೆಯಲ್ಲೇ" ಅಂದು ನಕ್ಕಳು. ಕೊಳವೆಯನ್ನು ನೀಟಾಗಿ ಸುತ್ತಿ ಡಬ್ಬಿಗೆ ಹಾಕಿದಳು. ಘಾಟಿ ಪೂರ್ತಿ ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿರಬೇಕು. ಬರಲಿ ಪಾಪ ಅಂದುಕೊಂಡೆ. ಡಬ್ಬಿ ಮಾತ್ರ ಕೈಯಲ್ಲಿ ಗಟ್ಟಿಯಾಗಿತ್ತು.

ಹೊತ್ತು ಮುಳುಗುವಾಗ ಮೇದೆರ್ ಬಾಯ್ಕೆಯ ಮನೆ. ಆರು ಜನ ಹಿರಿಯರು, ಬಗ್ಗಿಸಿದ ಚಹಾ, ಯಾರೂ ಮುಟ್ಟಿಲ್ಲ. ಸಾಯ್ಕಲ್‌ಳನ್ನು ನಡುವೆ ಕೂರಿಸಿದರು. ಬಿಳಿ ಗಡ್ಡದವರೊಬ್ಬರು ಬಹಳ ದೂರದಿಂದ ಮಾತು ಶುರು ಮಾಡಿದರು: ಬಂದ ದಾರಿ, ಹಿಮ, ಬೆಟ್ಟ ಕೂಡ ಸವೆಯುವುದು. ಕೊನೆಗೆ, "ನಿಮ್ಮಪ್ಪನ್ನ ದೇವರು ಕರ್ಕೊಂಡ ಮಗಳೇ. ಗಟ್ಟಿಯಾಗು." ಅವಳು ಕೂಗಿದ ಕೂಗು ಆಗಷ್ಟೇ ಕೇಳಿದವಳ ಕೂಗು. ಹೆಂಗಸರು ಕರಿ ಶಾಲು ಹೊದಿಸಿ ಯುರ್ತ್‌ಗೆ ಕರೆದೊಯ್ದರು, ಅಲ್ಲಿ ಅವಳಮ್ಮ ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದರು.

ನನ್ನ ಕೈಗೆ ಜಾಲರಿ ಸೌಟು ಕೊಟ್ಟು ಬೋರ್ಸೋಕ್ ಕರಿಯಲು ಕೂರಿಸಿದರು. ಎಣ್ಣೆಯಲ್ಲಿ ಉಬ್ಬಿ ಬರುವ ಹಿಟ್ಟಿನ ತುಂಡುಗಳು. ಎಷ್ಟು ಬೋಗುಣಿ ತುಂಬಿತು ಅಂತ ಎಣಿಸಲಿಲ್ಲ.

ನವೆಂಬರ್ 19

ಇವತ್ತು ಮಣ್ಣು ಮಾಡಿದರು. ಗಂಡಸರು ಹೋಗಿ ಬಂದರು. ನಾನು ವಾಪಸ್ ಹೊರಡುವಾಗ ಕುಬಾನ್ ಕಾರಿನ ಸೀಟಿನಿಂದ ಡಬ್ಬಿ ತೆಗೆದು, "ಇದನ್ನೇನು ಮಾಡ್ಲಿ?" ಅಂದ. ನನ್ನ ಚೀಲಕ್ಕೆ ಹಾಕಿಕೊಂಡೆ.

ನವೆಂಬರ್ 28

ಚರ್ಚೆ. ಸಾಯ್ಕಲ್ ಇನ್ನೂ ಊರಲ್ಲಿ. ಮುಂದಕ್ಕೆ ಹಾಕಿ ಅಂದೆ, ಗಾಲಿನಾ ಪೆಟ್ರೋವ್ನಾ ಒಪ್ಪಲಿಲ್ಲ. ಸಾಯ್ಕಲ್ ಜಾಗದಲ್ಲಿ ಎಲ್ದೋಸ್ ನಿಂತ. ಎಲ್ಲರೂ ಒಪ್ಪಿದ್ದೇ ಸತ್ಯ, ಒಪ್ಪದೆ ಇದ್ದರೆ ಸತ್ಯ ಅನ್ನುವುದೇ ಇಲ್ಲ, ಎಲ್ಲಿ ಒಂದು ಉದಾಹರಣೆ ಕೊಡು ನೋಡೋಣ ಅಂದ.

ಉದಾಹರಣೆ ನನ್ನ ಬಾಯಲ್ಲೇ ಇತ್ತು. ಒಂದು ಮನೆಯವರು, ಒಬ್ಬ ಚಿಕ್ಕಪ್ಪ, ಒಬ್ಬ ಡ್ರೈವರ್, ಒಬ್ಬ ಗೆಳತಿ ಸೇರಿ ಒಂದು ಇಡೀ ದಿನ ಬೇರೆಯದನ್ನೇ ಒಪ್ಪಿಕೊಂಡಿದ್ದರು. ಆದರೂ ಬೆಳಗಿನ ಜಾವದ ನಾಲ್ಕೂ ಹತ್ತು ನಾಲ್ಕೂ ಹತ್ತಾಗಿಯೇ ಉಳಿಯಿತು. ಇದಕ್ಕಿಂತ ದೊಡ್ಡ ಉದಾಹರಣೆ ಯಾರ ಹತ್ತಿರವೂ ಇಲ್ಲ, ಈ ತರಗತಿಯನ್ನು ಗೆಲ್ಲಲು ಬೇರೆ ಏನೂ ಬೇಕಿರಲಿಲ್ಲ. ಶಾರ್ಶೆನ್ ಬಾಯ್ಕೆಯನ್ನು ಎತ್ತಿ ಮೇಜಿನ ಮೇಲೆ ಇಡಬೇಕಿತ್ತು, ತೂಕದ ಕಲ್ಲಿನ ಹಾಗೆ.

"ಉದಾಹರಣೆ?" ಅಂದರು ಗಾಲಿನಾ ಪೆಟ್ರೋವ್ನಾ.

"ಇಲ್ಲ," ಅಂದು ಕೂತೆ.

"ಏನು ಬುರುಲ್, ತಕ್ಕಡಿ ಕೆಟ್ಟೋಯ್ತಾ?" ಅಂತ ಎಲ್ದೋಸ್.

ಕೈ ಎತ್ತಿಸಿದರು. ವಿರುದ್ಧ ಹದಿನಾಲ್ಕು. ಪರವಾಗಿ ನಾನೇ ಕೈ ಎತ್ತಿದೆನೋ ಇಲ್ಲವೋ, ಅವರು ಸೊನ್ನೆ ಅಂತ ಬರೆದುಕೊಂಡರು.

ಡಿಸೆಂಬರ್ 4

ಸುಳ್ಳು: ಇಲ್ಲ.

ಸಾಯ್ಕಲ್ ಬಂದಳು. ಕರಿ ಶಾಲು, ಮುಖ ಇಷ್ಟೇ ಇಷ್ಟು. ಕಪಾಟಿನ ಮೇಲೆ ತೂಕದ ಕಲ್ಲಿನ ಪಕ್ಕ ಆ ಡಬ್ಬಿ ಇತ್ತು. ತೆಗೆದು ನೋಡಿ ಅಲ್ಲೇ ಇಟ್ಟಳು.

"ಸಾಯ್ಕಲ್, ಅವತ್ತು ನಾನು—"

"ಗೊತ್ತಿತ್ತು ಬಿಡೇ."

"ಯಾವಾಗ?"

"ಕೊಚ್ಕೋರ್‌ನಲ್ಲಿ. ನಿನ್ನ ನಾಡಿ ನೋಡಿದ್ನಲ್ಲ. ನಿನ್ನ ಬಾಯಿ ಕಲಿತ್ಬಿಟ್ಟಿತ್ತು, ಮೈ ಕಲಿತಿರಲಿಲ್ಲ."

"ಮತ್ತೆ ಹಿರಿಯರ ಮುಂದೆ..."

"ಆರು ಜನ ಮುದುಕರು ಬೆಳಗಿಂದ ಕೂತು ಮಾತು ಜೋಡಿಸ್ಕೊಂಡಿದ್ರು. ನನಗೆ ಗೊತ್ತು ಅನ್ನೋಕಾಗುತ್ತಾ?" ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಬುರುಲ್, ನೀನು ಹೇಳಿದ್ದೇ ಸರಿ. ಒಂದೇ ಇರೋದು. ದೊಲೋನ್ ಹತ್ತೋವಾಗ ಕಣ್ಣು ಮುಚ್ಕೊಂಡು ಅದನ್ನ ಬೇರೆ ಮಾಡೋಕೆ ನೋಡ್ದೆ. ಅಪ್ಪ ಇದಾರೆ, ಇದಾರೆ ಅಂತ ಎಷ್ಟು ಹೇಳ್ಕೊಂಡೆ ಗೊತ್ತಾ? ಒಂದಿಂಚೂ ಅಲ್ಲಾಡ್ಲಿಲ್ಲ. ಗೆದ್ದೆ ಬಿಡು."

ಮೂರು ವರ್ಷದಿಂದ ಈ ಮಾತಿಗೆ ಕಾಯುತ್ತಿದ್ದೆ. ಬಂದಾಗ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

"ಇನ್ಮೇಲೆ ಏನಿದ್ರೂ ನನಗೆ ನೇರ ಹೇಳ್ತೀಯಾ?" ಅಂದಳು.

"ಹೇಳ್ತೀನಿ."

"ಆಣೆ?"

"ಆಣೆ."

ಡಿಸೆಂಬರ್ 9

ಸುಳ್ಳು: ಅರ್ಧ.

ಸಾಯ್ಕಲ್‌ಳ ಅಮ್ಮ ನನಗೆ ಫೋನ್ ಮಾಡಿದ್ದರು, ಅವರನ್ನು ನಾನು ಆಪಾ ಅನ್ನುತ್ತೇನೆ. "ತಿಂತಾಳಾ ಮಗಳೇ?" "ಎರಡು ತಟ್ಟೆ ತಿಂದ್ಲು ಆಪಾ," ಅಂದೆ. ಒಂದು ತಟ್ಟೆ ಮುಂದೆ ಇಟ್ಟಿದ್ದು ನಿಜ. ಅದಕ್ಕೇ ಅರ್ಧ.

ಚಳಿ. ಜರ್ದಾಳು ವ್ಯಾಪಾರ ಮಂದ. ಒಬ್ಬ ಅಜ್ಜಿಗೆ ತೂಕ ಸ್ವಲ್ಪ ವಾಲಿಸಿ ಕೊಟ್ಟೆ.

ಡಿಸೆಂಬರ್ 15

ನಾಳೆಯಿಂದ ಪರೀಕ್ಷೆ. ಸಾಯ್ಕಲ್ ಓದುತ್ತಾ ಕೂತಿದ್ದಳು, ಹದಿನೈದು ದಿನದ ಪಾಠ ಒಟ್ಟಿಗೆ. ಸಂಜೆ ಆಪಾ ಫೋನ್ ಮಾಡಿದರು. ನಾನು ಹೊರಗೆ ಓಣಿಗೆ ಹೋಗಿ ಮಾತಾಡಿದೆ. ಒಲೆ ಹತ್ತಿರ ತಲೆ ಸುತ್ತಿ ಬಿದ್ದರಂತೆ, ನಾಲ್ಕು ದಿನದಿಂದ ಎದ್ದಿಲ್ಲ, ನಾರಿನ್ ಪಟ್ಟಣದ ಆಸ್ಪತ್ರೆಗೆ ಸೇರಿಸಬೇಕು ಅಂತ ಮೇದೆರ್ ಬಾಯ್ಕೆ ಹಟ ಹಿಡಿದಿದ್ದಾರಂತೆ. ದನಿ ಬಾವಿಯ ತಳದಿಂದ ಬರುವ ಹಾಗಿತ್ತು. "ಅವಳಿಗೆ ಹೇಳ್ಬೇಡಮ್ಮಾ. ಪರೀಕ್ಷೆ ಬಿಟ್ಟು ಓಡಿ ಬರ್ತಾಳೆ. ಅವರಪ್ಪನ ಆಸೆ ಅದೊಂದೇ ಇದ್ದದ್ದು." ಅಳಬೇಡಿ ಆಪಾ ಅಂದೆ, ನಾನು ನೋಡಿಕೊಳ್ಳುತ್ತೇನೆ ಅಂದೆ.

ಒಳಗೆ ಬಂದೆ.

"ಯಾರೇ? ಅಮ್ಮನಾ?"

"ಹೂಂ."

"ಹೇಗಿದಾಳೆ?"

"ಚೆನ್ನಾಗಿದಾರೆ. ಹಸು ಕರು ಹಾಕ್ತಂತೆ, ಅದರ ಗಲಾಟೆ. ನೀನು ಓದ್ತಿದೀಯೋ ಇಲ್ವೋ ಅಂತ ಕೇಳಿದ್ರು."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಪುಸ್ತಕ ಮಡಚಿ ಎದ್ದು, ಕಪಾಟಿನ ಮೇಲಿನ ಡಬ್ಬಿ ತೆಗೆದಳು. "ಕೈ ಚಾಚು," ಅಂದಳು. ಚಾಚಿದೆ. ಪಟ್ಟಿ ಸುತ್ತಿದಳು, ಗುಂಡಿ ಒತ್ತಿದಳು. ಗುಂಯ್ ಅಂತ ಉಬ್ಬಿತು.

"ಈಗ ಹೇಳು. ಅಮ್ಮ ಹೇಗಿದಾಳೆ?"

"ಚೆನ್ನಾಗಿದಾರೆ ಕಣೇ."

ಇಬ್ಬರೂ ಅಂಕಿಗಳನ್ನೇ ನೋಡುತ್ತಾ ಕೂತೆವು. ನೂರ ಹದಿನಾಲ್ಕು, ಎಪ್ಪತ್ತಾರು. ನಾಡಿ ಎಪ್ಪತ್ತೆರಡು.

ಸಾಯ್ಕಲ್ ಉಸಿರು ಬಿಟ್ಟಳು. ನನ್ನ ಭುಜಕ್ಕೆ ಹಣೆ ತಾಗಿಸಿ, "ನಿನ್ನ ಮೈಗೆ ಮಾತ್ರ ಸುಳ್ಳು ಬರಲ್ಲ" ಅಂದಳು. ಎಷ್ಟೋ ದಿನದ ಮೇಲೆ ಇವತ್ತು ಸರಿಯಾಗಿ ಊಟ ಮಾಡಿದಳು. ಎರಡು ತಟ್ಟೆ, ನಾನೇ ಎಣಿಸಿದೆ. ಸದ್ಯ.